ಬೇಸಿಗೆಗೂ ಒಣಗದ ಗೋಡೆ

ಶಿಕಾರಿಪುರ
9-1-1958

ಯಜಮಾನರ ಪಾದಗಳಿಗೆ ಲೋಕಮ್ಮ ಮಾಡುವ ನಮಸ್ಕಾರಗಳು.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಸಂಜೆಯ ಹೊತ್ತಿಗೆ ಅಣ್ಣನ ಮನೆ ಸೇರಿದೆ. ದಾರಿಯಲ್ಲಿ ಕೆಮ್ಮು ಬಂದಾಗ ಪಕ್ಕದಲ್ಲಿದ್ದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು. ನನ್ನನ್ನು ಕರೆದುಕೊಂಡು ಬರಲು ಬಂದಿದ್ದ ಯಲ್ಲಪ್ಪಣ್ಣ ಕಿಟಕಿಯ ಕಡೆ ತಿರುಗಿ, ನೋಡದವನಂತೆ ಕೂತಿದ್ದ.

ಅತ್ತಿಗೆ ನನಗೆಂದು ಒಂದು ತಟ್ಟೆ, ಒಂದು ಚೊಂಬು ಬೇರೆ ತೆಗೆದಿಟ್ಟಿದ್ದಾಳೆ. ಬೇಜಾರಿಲ್ಲ. ಸೊರಬದ ಡಾಕ್ಟರು ಕ್ಷಯ ಎಂದ ಮೇಲೆ ಯಾರಾದರೂ ಅಷ್ಟು ಮಾಡಲೇಬೇಕು. ಮಲಗುವುದು ಮುಂದಿನ ಜಗುಲಿಯಲ್ಲಿ. ಬೆಳಗಿನ ಬಿಸಿಲು ಕಾಲಿನಿಂದ ಹತ್ತಿ ಎದೆಯವರೆಗೆ ಬರುತ್ತದೆ.

ನಾನು ಹೊರಡುವಾಗ ಬಂಗಾರಿ ನನ್ನನ್ನು ಮುಟ್ಟಬಾರದೆಂದು ಅತ್ತೆ ಅವಳನ್ನು ಹಿತ್ತಿಲಿಗೆ ಎತ್ತಿಕೊಂಡು ಹೋದರು. ಒಳ್ಳೆಯದಕ್ಕೇ ಮಾಡಿದರು. ಆದರೆ ಮೂರೂವರೆ ವರ್ಷದ ಮಗುವಿಗೆ ಅದು ತಿಳಿಯುತ್ತದೆಯೇ? "ಅಜ್ಜಿ, ಅವ್ವಂಗೆ ನನ್ ಮೇಲೆ ಸಿಟ್ಟಾ?" ಎಂದು ಅವಳು ಕೇಳಿದ್ದು ಬಾಗಿಲವರೆಗೂ ಕೇಳಿಸಿತು. ಅತ್ತೆ ಏನು ಹೇಳಿದರೋ ಕೇಳಿಸಲಿಲ್ಲ. ನೀವಾದರೂ ಸಿಟ್ಟಿಲ್ಲ ಎಂದು ಹೇಳಿ. ಆರು ತಿಂಗಳು ದೂರ ಇರಬೇಕು ಎಂದಿದ್ದಾರೆ. ಅಷ್ಟರಲ್ಲಿ ಅವಳು ನನ್ನ ಮುಖ ಮರೆಯದಂತೆ ನೋಡಿಕೊಳ್ಳಿ.

ಲೋಕಮ್ಮ


ಸೊರಬ
18-1-1958

ಚಿ|| ಸೌ|| ಲೋಕಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಅಕ್ಷರಗಳು ದುಂಡಗಿವೆ. ಕೈ ನಡುಗುತ್ತಿಲ್ಲವೆಂದು ತಿಳಿದು ಸಮಾಧಾನವಾಯಿತು.

ಅವ್ವ ಮನೆಯನ್ನು ಒಂದು ಹದಕ್ಕೆ ತಂದಿದ್ದಾಳೆ. ನಿನ್ನ ಹಾಸಿಗೆ ದಿಂಬು ಸುಡಿಸಿ, ನೆಲ ಸಾರಿಸಿ, ಮೂರು ದಿನ ಲೋಬಾನದ ಹೊಗೆ ಹಾಕಿದಳು. ನಡುಕೋಣೆಯಲ್ಲಿ ನೀನು ಮಲಗುತ್ತಿದ್ದ ಜಾಗದಲ್ಲೇ ಈಗ ಅವಳೂ ಬಂಗಾರಿಯೂ ಮಲಗುತ್ತಾರೆ. ಈ ಚಳಿಗೆ ಇಡೀ ಮನೆಯಲ್ಲಿ ಬೆಚ್ಚಗಿರುವುದು ಅದೊಂದೇ ಮೂಲೆ. ಗೋಡೆಯಾಚೆಯ ಅಕ್ಕಿ ಗಿರಣಿಯವರು ಕುಚ್ಚಲಕ್ಕಿಗೆ ಭತ್ತ ಬೇಯಿಸುವ ದಿನ ಆ ಗೋಡೆಯೇ ಬೆಚ್ಚಗಾಗುತ್ತದೆ. ಮಗು ಅದಕ್ಕೆ ಬೆನ್ನು ಒತ್ತಿಕೊಂಡು ಮಲಗುತ್ತದೆ.

ಗೂಡಿನಲ್ಲಿಟ್ಟಿದ್ದ ಹುಡುಗರ ಉತ್ತರಪತ್ರಿಕೆಗಳು ಒಂದಕ್ಕೊಂದು ಅಂಟಿ ಬೂಷ್ಟು ಹಿಡಿದಿದ್ದವು. ಶಾಲೆಯ ಅಂಗಳದಲ್ಲಿ ಬಿಸಿಲಿಗೆ ಹರವಿ ಬಿಡಿಸಿಕೊಂಡೆ. ಮನೆಗೂ ಗಿರಣಿಗೂ ಮಾಲೀಕರಾದ ಸದಾಶಿವಪ್ಪನವರು ಗಿರಣಿಯ ಬಾಗಿಲಲ್ಲಿ ಸಿಕ್ಕಿ ನಿನ್ನ ಆರೋಗ್ಯ ವಿಚಾರಿಸಿದರು. ದೊಡ್ಡ ಮನಸ್ಸಿನವರು.

ಔಷಧಿಯನ್ನು ಒಂದು ಹೊತ್ತೂ ತಪ್ಪಿಸಬೇಡ. ಬಂಗಾರಿಗೆ ಹೇಳಿದ್ದೇನೆ, ಸಿಟ್ಟಿಲ್ಲ ಎಂದು.

ಮಲ್ಲೇಶಪ್ಪ


ಶಿಕಾರಿಪುರ
3-2-1958

ಯಜಮಾನರ ಪಾದಗಳಿಗೆ ಲೋಕಮ್ಮನ ನಮಸ್ಕಾರಗಳು.

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಔಷಧಿಯನ್ನು ಇಲ್ಲಿಗೆ ಬಂದ ನಾಲ್ಕನೆಯ ದಿನವೇ ಬಿಟ್ಟೆ. ಕುಡಿದರೆ ಹೊಟ್ಟೆ ತೊಳಸುತ್ತಿತ್ತು, ಅನ್ನ ಸೇರುತ್ತಿರಲಿಲ್ಲ. ಬಿಟ್ಟ ಮೇಲೆ ರೋಗ ಹೆಚ್ಚಾಗಬೇಕಿತ್ತಲ್ಲ? ಹತ್ತು ದಿನದೊಳಗೆ ಕೆಮ್ಮು ನಿಂತಿತು. ಸಂಜೆಯ ಜ್ವರವೂ ಇಲ್ಲ. ನಿನ್ನೆ ಅಂಜನಾಪುರದ ಕಾಲುವೆಯ ಹತ್ತಿರ ಗದ್ದೆಯಲ್ಲಿದ್ದ ಅಣ್ಣನಿಗೆ ಬುತ್ತಿ ಒಯ್ದು ಕೊಟ್ಟು, ಎಲ್ಲೂ ಕೂರದೆ ನಡೆದು ಬಂದೆ.

ಇನ್ನೊಂದು ಕೇಳಿ. ಹೋದ ಸೋಮವಾರ ಬೆಳಿಗ್ಗೆ ಚಳಿಯೆಂದು ಸೊರಬದಿಂದ ತಂದ ಶಾಲನ್ನು ಟ್ರಂಕಿನಿಂದ ತೆಗೆದು ಹೊದ್ದೆ. ಸ್ವಲ್ಪ ಹೊತ್ತಿಗೇ ಎದೆ ಬಿಗಿಯಿತು, ಒಳಗೆ ಅದೇ ಸಿಳ್ಳೆ. ಅಣ್ಣ ಓಡಿಬಂದು ಶಾಲು ಕಿತ್ತು, ಮೂಸಿ ನೋಡಿದ.

"ಏನಿದು ಲೋಕಮ್ಮ, ನೆಲದಾಗಿನ ಕಾಳಿನ ಹಗೇವು ತೆಗೆದಂಗೆ ವಾಸ್ನಿ ಹೊಡಿತೈತಿ!"

ಬಿಡಿಸಿ ನೋಡಿದರೆ ಮಡಿಕೆಗಳ ಉದ್ದಕ್ಕೂ ಕರಿ ಚುಕ್ಕೆಗಳು. ನಮ್ಮ ನಡುಕೋಣೆಯ ಗೋಡೆಯ ಮೇಲಿರುವ ಚುಕ್ಕೆಗಳೇ ಅವು. ಆ ಗೋಡೆಯನ್ನು ನಾನು ವಾರ ವಾರವೂ ಬೂದಿ ಹಾಕಿ ಉಜ್ಜಿದ್ದೇನೆ, ನನಗೆ ಗುರುತು ಸಿಗದೆ ಇರುತ್ತದೆಯೇ? ಶಾಲನ್ನು ಕುದಿಸಿ ಎರಡು ದಿನ ಬಿಸಿಲಿಗೆ ಹಾಕಿದ ಮೇಲೆ ಹೊದ್ದುಕೊಂಡರೆ ಏನೂ ಆಗಲಿಲ್ಲ.

ರೋಗ ನನ್ನ ಮೈಯಲ್ಲಿ ಇಲ್ಲ, ಆ ಮನೆಯಲ್ಲಿ ಇದೆ ಎಂದು ನನಗೆ ಅನ್ನಿಸುತ್ತಿದೆ. ಮಗುವನ್ನು ಆ ಗೋಡೆಯ ಪಕ್ಕ ಮಲಗಿಸಬೇಡಿ. ಮುಂದಿನ ಪಡಸಾಲೆಯಲ್ಲಿ, ಚಳಿಯಾದರೂ ಚಿಂತೆಯಿಲ್ಲ, ಅಲ್ಲಿ ಹಾಸಿ. ಶಿವಮೊಗ್ಗಕ್ಕೆ ಹೋಗಿ ಎದೆಯ ಫೋಟೋ ತೆಗೆಸೋಣ ಎಂದು ಅಣ್ಣ ಹೇಳುತ್ತಿದ್ದಾನೆ. ನಿಮ್ಮ ಒಪ್ಪಿಗೆ ಬೇಕು.

ಲೋಕಮ್ಮ


ಸೊರಬ
11-2-1958

ಚಿ|| ಸೌ|| ಲೋಕಮ್ಮನಿಗೆ ಆಶೀರ್ವಾದಗಳು.

ಔಷಧಿ ಬಿಟ್ಟೆ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಓದಿದವಳು ಮಾಡುವ ಕೆಲಸವೇ ಇದು? ಹವಾ ಬದಲಾದರೆ ಈ ರೋಗ ಸ್ವಲ್ಪ ದಿನ ಅಡಗಿ ಕೂರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಈ ಮನೆ ನಿನಗೆ ಮೊದಲ ದಿನದಿಂದಲೂ ಹಿಡಿಸಲಿಲ್ಲ. ಗಿರಣಿಯ ಹೊಟ್ಟು ಹಾರಿ ಬರುತ್ತದೆ ಎಂದೆ, ಬೆಂಕಿಕಡ್ಡಿ ಹತ್ತುವುದಿಲ್ಲ ಎಂದೆ, ಉಪ್ಪು ನೀರಾಗುತ್ತದೆ ಎಂದೆ. ಈಗ ಕ್ಷಯವನ್ನೂ ಗೋಡೆಯ ತಲೆಗೆ ಕಟ್ಟುತ್ತಿದ್ದೀಯ. ನಿನ್ನ ಅಣ್ಣ ಹೇಳಿಕೊಟ್ಟಿದ್ದಾನೆಂದು ಕಾಣುತ್ತದೆ. ಹೋದ ವರ್ಷ ನನ್ನನ್ನು ಹೊಳೆ ದಾಟಿ ಹೋಗಬೇಕಾದ ಕೊಂಪೆಗೆ ವರ್ಗ ಮಾಡಿದ್ದಾಗ ಅದನ್ನು ನಿಲ್ಲಿಸಿದವರು ಸದಾಶಿವಪ್ಪನವರು. ಮನೆ ಸಿಗದ ಈ ಊರಿನಲ್ಲಿ ಕರೆದು ಮನೆ ಕೊಟ್ಟವರೂ ಅವರೇ. ಅವರ ಮುಂದೆ ಹೋಗಿ ನಿಮ್ಮ ಮನೆಯಿಂದ ನನ್ನ ಹೆಂಡತಿಗೆ ರೋಗ ಬಂತು ಎನ್ನಲೇ? ಮಳೆಗಾಲದ ತೇವ ಗೋಡೆಯಲ್ಲಿ ಉಳಿದಿದೆ, ಬೇಸಿಗೆಗೆ ಒಣಗುತ್ತದೆ.

ಶಿವಮೊಗ್ಗಕ್ಕೆ ಹೋಗುವುದಾದರೆ ಹೋಗಿ ಬಾ. ನಿನ್ನ ಅನುಮಾನವಾದರೂ ತೀರಲಿ.

ಬಂಗಾರಿಗೆ ಸ್ವಲ್ಪ ನೆಗಡಿ. ಈ ಕಾಲದಲ್ಲಿ ಎಲ್ಲ ಮಕ್ಕಳಿಗೂ ಇದೆ. ಹಾಸಿಗೆ ಬದಲಾಯಿಸಲು ಅವ್ವ ಒಪ್ಪಲಿಲ್ಲ. "ನೆಗಡಿ ಕೂಸನ್ನ ಗಾಳೀಲಿ ಮಲಗ್ಸಿ ಸಾಯ್ಸೋಕೆ ಹೇಳ್ತಾಳಾ ನಿನ್ ಹೆಂಡ್ತಿ?" ಎಂದಳು.

ಮಲ್ಲೇಶಪ್ಪ


ಶಿಕಾರಿಪುರ
25-2-1958

ಯಜಮಾನರಿಗೆ ನಮಸ್ಕಾರಗಳು.

ನನಗೆ ಕ್ಷಯ ಇಲ್ಲ.

ಶಿವಮೊಗ್ಗದಲ್ಲಿ ನಾಲ್ಕು ದಿನ ಇದ್ದೆವು. ಕಫವನ್ನು ಮೂರು ಸಲ ಪರೀಕ್ಷೆ ಮಾಡಿದರು, ಎದೆಯ ಫೋಟೋ ತೆಗೆದರು. ಫೋಟೋವನ್ನು ಕಿಟಕಿಗೆ ಹಿಡಿದು ನೋಡಿದ ಡಾಕ್ಟರು ವಯಸ್ಸಾದವರು, ನಿಧಾನವಾಗಿ ಮಾತಾಡುತ್ತಾರೆ.

"ಕ್ಷಯ ಅಂತ ಯಾರು ಹೇಳಿದ್ದು ತಾಯಿ? ಮನೇಲಿ ಏನ್ ಕೆಲಸ ಮಾಡ್ತೀರಿ? ಹಳೇ ಹುಲ್ಲು, ಹೊಟ್ಟು ಕೆದಕೋದು ಇದೆಯಾ?" ಎಂದು ಕೇಳಿದರು.

"ಇಲ್ಲ ರೀ. ಮೇಷ್ಟ್ರ ಮನೆ. ಅಡಿಗೆ, ಮುಸುರೆ ಅಷ್ಟೇ."

"ಮಲಗೋ ಕೋಣೆ? ಗೋಡೆಗೆ ತೇವ ಇದೆಯಾ, ಬೂಷ್ಟು ಬರುತ್ತಾ?"

ನಾನು ಬಾಯಿ ತೆರೆಯುವುದರೊಳಗೆ ಅಣ್ಣನೇ ಹೇಳಿದ: "ಬೂಷ್ಟು ಅಂತೀರೇನ್ರಿ ಸ್ವಾಮಿ! ಗ್ವಾಡಿಗೆ ಅಂಗೈ ಇಟ್ರೆ ಅಂಗೈ ಕರ್ರಗಾಗ್ತೈತಿ."

ಆ ಬೂಷ್ಟಿನ ಪುಡಿ ಕಣ್ಣಿಗೆ ಕಾಣುವುದಿಲ್ಲವಂತೆ. ಉಸಿರಿನ ಜೊತೆ ಒಳಗೆ ಹೋಗುತ್ತದಂತೆ. ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರ ಎದೆ ತಡೆಯುವುದಿಲ್ಲ. ಕೆಮ್ಮು, ಸಂಜೆಯ ಜ್ವರ, ಮೈ ಇಳಿಯುವುದು, ಎಲ್ಲವೂ ಕ್ಷಯದ ಹಾಗೇ ಕಾಣುತ್ತದೆ. "ಔಷಧಿ ಆಮೇಲೆ ಕೊಡ್ತೀನಿ. ಮೊದಲು ಆ ಮನೆ ಬಿಡಿ" ಎಂದರು. ಆಮೇಲೆ ಬರೆಯುತ್ತ ಬರೆಯುತ್ತ, "ಮಕ್ಕಳಿದಾರಾ?" ಎಂದರು.

"ಒಬ್ಬಳು ಮಗಳು. ನನ್ನ ರೋಗ ಅವಳಿಗೆ ತಾಗಬಾರದು ಅಂತ ಅಲ್ಲೇ ಬಿಟ್ಟು ಬಂದೀನಿ."

"ಅಲ್ಲೇ ಅಂದ್ರೆ? ಅದೇ ಮನೇಲಾ?"

ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರು ಬರೆದುಕೊಟ್ಟ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಅತ್ತೆಗೆ ಓದಿ ಹೇಳಿ. ಮಗುವನ್ನು ನೀವು ತಂದು ಬಿಡುತ್ತೀರಾ, ನಾನೇ ಬಂದು ಕರೆತರಲಾ? ಅಪ್ಪಣೆ ಇಲ್ಲದೆ ಮಗುವಿನ ಹತ್ತಿರ ಬರುವುದಿಲ್ಲ ಎಂದು ಅತ್ತೆ ನನ್ನಿಂದ ದೇವರ ಮುಂದೆ ಮಾತು ತೆಗೆದುಕೊಂಡಿದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ. ಈ ಕಾಗದ ಕೈಗೆ ಬಂದ ದಿನವೇ ಉತ್ತರ ಬರೆಯಿರಿ.

ಲೋಕಮ್ಮ


ಸೊರಬ
4-3-1958

ಚಿ|| ಸೌ|| ಲೋಕಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಸಂತೋಷ. ಈಗ ಪರೀಕ್ಷೆಯ ಕಾಲ, ನನಗೆ ಒಂದು ದಿನವೂ ಬಿಡುವಿಲ್ಲ. ಏಪ್ರಿಲ್‌ನಲ್ಲಿ ರಜೆ ಬಂದ ಕೂಡಲೇ ನಾನೇ ಕರೆದುಕೊಂಡು ಬರುತ್ತೇನೆ. ಡಾಕ್ಟರ ಕಾಗದವನ್ನು ಅವ್ವನಿಗೆ ಓದಿದೆ. ನಂಬಲಿಲ್ಲ. ಮಗು ಆಟ ಆಡಿಕೊಂಡಿದೆ. ನೀನು ಬರುವ ಅಗತ್ಯವಿಲ್ಲ.

ಮಲ್ಲೇಶಪ್ಪ


ಶಿಕಾರಿಪುರ
8-3-1958

ಯಜಮಾನರಿಗೆ,

ಮಗು ಆಟ ಆಡಿಕೊಂಡಿದೆ ಎಂದು ಬರೆದಿದ್ದೀರಿ. ಏನು ಆಟ ಎಂದು ಬರೆದಿಲ್ಲ. ಮೊದಲೆಲ್ಲ ಒಂದು ನೆಗಡಿಯಾದರೂ ಬರೆಯುತ್ತಿದ್ದವರು ಈ ಸಲ ನೆಗಡಿ ಹೋಯಿತೋ ಇಲ್ಲವೋ ಎಂದು ಕೂಡ ಬರೆಯಲಿಲ್ಲ. ಇಡೀ ಕಾಗದ ಏಳೆಂಟು ಸಾಲು. ನಿಮಗೆ ನನ್ನ ಮೇಲೆ ಸಿಟ್ಟು ಬಂದಾಗ ಕಾಗದ ಉದ್ದವಾಗುತ್ತದೆ. ಹೆದರಿದಾಗ ಮಾತ್ರ ಹೀಗೆ ಆಗುತ್ತದೆ.

ನಾನು ಬುಧವಾರದ ಬಸ್ಸಿಗೆ ಬರುತ್ತೇನೆ. ದೇವರ ಮುಂದೆ ಕೊಟ್ಟ ಮಾತು ಮುರಿದ ಪಾಪ ನನಗಿರಲಿ. ಬಂಗಾರಿಗೆ ಒಂದು ಲಂಗ ಹೊಲಿದಿದ್ದೇನೆ. ಅಳತೆ ಗೊತ್ತಾಗದೆ ಅಂದಾಜಿನ ಮೇಲೆ ಸ್ವಲ್ಪ ದೊಡ್ಡದಾಗಿಯೇ ಕತ್ತರಿಸಿದೆ.

ಲೋಕಮ್ಮ


ಸೊರಬ
6-4-1958

ಲೋಕಮ್ಮನಿಗೆ,

ಹದಿನೈದು ದಿನದಿಂದ ಬರೆಯುತ್ತೇನೆ, ಹರಿಯುತ್ತೇನೆ. ಮಗುವಿನ ಕಾರ್ಯ ಮುಗಿದ ಮರುದಿನ ನೀನು ಅಣ್ಣನ ಜೊತೆ ಹೊರಟುಹೋದೆ. ಕೇಳಬೇಕಾದ್ದನ್ನು ನೀನು ಕೇಳಲಿಲ್ಲ. ಕೇಳಿದ್ದರೆ ಆವತ್ತು ನಾನು ಸುಳ್ಳು ಹೇಳುತ್ತಿದ್ದೆನೋ ಏನೋ. ಈಗ ಹೇಳುವುದಿಲ್ಲ.

ನಾನು ನೆಗಡಿ ಎಂದು ಬರೆದ ಮರುವಾರದಿಂದಲೇ ಬಂಗಾರಿಗೆ ಪಕ್ಕೆ ಸೆಳೆಯುತ್ತಿತ್ತು. ಉಸಿರು ತೆಗೆದುಕೊಂಡಾಗ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಹೋಗುತ್ತಿತ್ತು. ಅವ್ವ ದೃಷ್ಟಿ ತೆಗೆದಳು, ಬಜೆ ತೇಯ್ದು ನೆಕ್ಕಿಸಿದಳು. ಡಾಕ್ಟರು ಎರಡು ಸಲ ಇಂಜಕ್ಷನ್ ಕೊಟ್ಟರು. ತಾಯಿಯಿಂದ ತಾಗಿದೆ ಎಂದರು.

ನಿನ್ನ ಶಿವಮೊಗ್ಗದ ಕಾಗದ ಬಂದ ದಿನ ಅವ್ವನಿಗೆ ಮೈ ಹುಷಾರಿರಲಿಲ್ಲ. ಮಗುವನ್ನು ನನ್ನ ಜೊತೆ ಶಾಲೆಗೆ ಎತ್ತಿಕೊಂಡು ಹೋದೆ. ಜಗುಲಿಯಲ್ಲಿ ಕಂಬಳಿ ಹಾಸಿ ಮಲಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಎದ್ದು ಕೂತು, "ಅಪ್ಪ, ಹಸಿವು" ಎಂದಳು. ಮೊಸರನ್ನ ಉಂಡಳು. ಸೀಮೆಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಗೀಚಿದಳು. ಸಂಜೆ ಮನೆಗೆ ತಂದ ಒಂದು ಗಂಟೆಯೊಳಗೆ ಮತ್ತೆ ಉಸಿರು ಎಳೆಯತೊಡಗಿತು. ಮರುದಿನವೂ ಹಾಗೇ ಆಯಿತು, ಮೂರನೆಯ ದಿನವೂ. ಶಾಲೆಯಲ್ಲಿ ಚೆನ್ನಾಗಿರುತ್ತಾಳೆ, ಮನೆಯಲ್ಲಿ ಇಲ್ಲ. ಮೇಷ್ಟರು ನಾನು, ಎರಡನ್ನು ಎರಡಕ್ಕೆ ಕೂಡಿಸಲು ಬರುವುದಿಲ್ಲವೇ? ನೀನು ಬರೆದದ್ದು ನಿಜವೆಂದು ನನಗೆ ಆಗಲೇ ಗೊತ್ತಾಯಿತು. ಅದಾದ ಮೇಲೆ ಕೂತು, ಮಗು ಆಟ ಆಡಿಕೊಂಡಿದೆ ಎಂದು ಬರೆದೆ.

ಯಾಕೆ ಎಂದು ಕೇಳಿದರೆ ಹೇಳುತ್ತೇನೆ. ಮನೆ ಹಿಡಿಯುವ ಮೊದಲೇ ಸದಾಶಿವಪ್ಪನವರು ನನ್ನನ್ನು ಗಿರಣಿಯ ಒಳಗೆ ಕರೆದುಕೊಂಡು ಹೋಗಿದ್ದರು. ನಮ್ಮ ನಡುಕೋಣೆಯ ಗೋಡೆಗೆ ಒತ್ತಿಕೊಂಡೇ ಭತ್ತ ನೆನೆಹಾಕುವ ತೊಟ್ಟಿ ಇದೆ. ಅದರ ತಳ ಸೀಳಿದೆ. "ನೋಡಿ ಮೇಷ್ಟ್ರೇ, ತೊಟ್ಟಿ ಒಡಿಸೋಕೆ ಗಿರಣಿ ಎರಡು ತಿಂಗಳು ನಿಲ್ಲಿಸ್ಬೇಕು. ಅದಾಗೋದಿಲ್ಲ. ಗೋಡೆ ಸ್ವಲ್ಪ ಬೆವರುತ್ತೆ. ಆಮೇಲೆ ಬಂದು ದೂರು ಹೇಳ್ಬಾರದು" ಎಂದರು. ನಾನು, "ಛೇ, ಎಲ್ಲಾದ್ರೂ ಉಂಟಾ" ಎಂದೆ. ಅದೇ ವಾರ ನನ್ನ ವರ್ಗ ನಿಂತಿತ್ತು. ಮಳೆಗಾಲದ ತೇವ ಎಂದು ನಿನಗೆ ಬರೆದಾಗ ಅದು ಮಳೆಗಾಲದ್ದಲ್ಲವೆಂದು ನನಗೆ ಗೊತ್ತಿತ್ತು. ಒಪ್ಪಿಕೊಂಡರೆ ನಿನ್ನ ವರ್ಷದ ಕೆಮ್ಮೆಲ್ಲ ನನ್ನ ತಲೆಗೇ ಬರುತ್ತಿತ್ತು.

ಮಂಗಳವಾರ ಬೆಳಿಗ್ಗೆ ನಿನ್ನ ಕಾಗದವೂ ಬಂತು, ಅದೂ ಆಯಿತು. ತಂತಿ ಬರೆದೆ. ಅಂಚೆ ಮಾಸ್ತರರ ಕೈಗೆ ಕೊಡಲಾಗಲಿಲ್ಲ. ಬುಧವಾರ ನೀನು ಬಸ್ಸಿನಿಂದ ಇಳಿದಾಗ ಮೊದಲು ನನ್ನ ಕೈಗಳನ್ನು ನೋಡಿದೆ, ಆಮೇಲೆ ನನ್ನ ಹಿಂದೆ ನೋಡಿದೆ. ಮುಖ ಮಾತ್ರ ನೋಡಲೇ ಇಲ್ಲ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ.

ಮಲ್ಲೇಶಪ್ಪ


ಶಿಕಾರಿಪುರ
14-4-1958

ಮೇಷ್ಟರಿಗೆ,

ನಿಮ್ಮ ಕಾಗದ ಓದಿದೆ. ಅಣ್ಣನಿಗೆ ಓದಲು ಕೊಡಲಿಲ್ಲ. ಕೊಟ್ಟರೆ ಅವನು ಕತ್ತಿ ಹಿಡಿದು ಸೊರಬಕ್ಕೆ ಬರುತ್ತಾನೆ, ನಿಮಗಾಗಿಯೋ ಗಿರಣಿಗಾಗಿಯೋ ತಿಳಿಯದು.

ಅಲ್ಲಿದ್ದ ಹನ್ನೊಂದು ದಿನವೂ ಅತ್ತೆ ಬೆಳಗಿನ ಹೊತ್ತು ಕೆಮ್ಮುತ್ತಿದ್ದುದನ್ನು ಕೇಳಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿದೆ. ಆದರೆ ಅವರು ತಿಳಿಯದೆ ಮಾಡಿದರು. ಮೊಮ್ಮಗಳನ್ನು ಬೆಚ್ಚಗಿಡಬೇಕೆಂದು ತಾವು ಈಚೆಗೆ ಸರಿದು, ಅವಳನ್ನು ಗೋಡೆಯ ಕಡೆ ಮಲಗಿಸುತ್ತಿದ್ದರಂತೆ. ಅವರನ್ನು ಇವತ್ತೇ ಊರಿಗೆ ಕಳಿಸಿ. ಇದೊಂದನ್ನಾದರೂ ಏಪ್ರಿಲ್ ರಜೆಗೆ ಎಂದು ಮುಂದಕ್ಕೆ ಹಾಕಬೇಡಿ.

ನಾನು ಬರುವುದಿಲ್ಲ. ಎಲ್ಲಿಗೂ, ಯಾವ ಮನೆಗೂ.

ಲೋಕಮ್ಮ


ಸೊರಬ
12-6-1958

ಲೋಕಮ್ಮನಿಗೆ,

ಅವ್ವನನ್ನು ನೀನು ಬರೆದ ಮೂರನೆಯ ದಿನವೇ ಊರಿಗೆ ಬಿಟ್ಟುಬಂದೆ. ಈಗ ಪರವಾಗಿಲ್ಲ. ಮೆಟ್ಟಿಲು ಹತ್ತಿದರೆ ಮಾತ್ರ ಏದುಸಿರು.

ಹೊಳೆಯಾಚೆಯ ಊರಿಗೆ ನಾನೇ ವರ್ಗ ಕೇಳಿಕೊಂಡೆ. ಕೊಟ್ಟಿದ್ದಾರೆ, ನಾಳೆ ಹೊರಡುತ್ತೇನೆ. ಹೋದ ವಾರವೇ ಮನೆ ಖಾಲಿ ಮಾಡಿ ಶಾಲೆಯ ಜಗುಲಿಗೆ ಬಂದೆ. ಬೀಗದ ಕೈ ಕೊಡಲು ಹೋದಾಗ ಸದಾಶಿವಪ್ಪನವರಿಗೆ ತೊಟ್ಟಿಯ ವಿಷಯ ಹೇಳಿದೆ. ಕೊನೆಗೂ ಹೇಳಿದೆ. ಅವರು, "ಮಕ್ಕಳು ಹೋಗೋದು ದೇವರಿಚ್ಛೆ ಮೇಷ್ಟ್ರೇ. ಗೋಡೆ ಏನ್ ಮಾಡುತ್ತೆ? ನನ್ನ ಕೈಲಿದ್ದಿದ್ರೆ ಉಳಿಸ್ತಿರಲಿಲ್ವಾ?" ಎಂದು ನಿಜವಾಗಿಯೂ ಕಣ್ಣೊರೆಸಿಕೊಂಡರು.

ಬಾಗಿಲು ತೆಗೆಸಿ, ಎರಡು ಸಲ ಸುಣ್ಣ ಹೊಡೆಸಿದ್ದಾರೆ. ಮನೆ ಮದುವೆ ಮನೆಯಂತೆ ಕಾಣುತ್ತಿದೆ. ತಾಲ್ಲೂಕು ಕಛೇರಿಗೆ ಹೊಸದಾಗಿ ಬಂದ ಗುಮಾಸ್ತರು ಉಜ್ಜಪ್ಪ ಎಂಬುವರು ಮುಂದಿನ ವಾರ ಬರುತ್ತಾರೆ. ಹೆಂಡತಿಯ ಹೆಸರು ದ್ಯಾಮಮ್ಮ. ತೊಡೆಯ ಮೇಲೊಂದು ಮೊಲೆಹಾಲಿನ ಕೂಸು. ನಿನ್ನೆ ಮನೆ ನೋಡಲು ಬಂದಿದ್ದರು. ನಾನು ಹೇಳಲು ಬಾಯಿ ತೆರೆದೆ. ಮಾಲೀಕರು ಪಕ್ಕದಲ್ಲೇ ಇದ್ದರು. ಆ ಹೆಂಗಸು ಬಿಳಿ ಗೋಡೆ ನೋಡಿ ನಗುತ್ತಿದ್ದಳು.

ಹೇಳಲಿಲ್ಲ.

ಮಲ್ಲೇಶಪ್ಪ


ಶಿಕಾರಿಪುರ
19-6-1958

ದ್ಯಾಮಮ್ಮನವರಿಗೆ, ನಿಮ್ಮ ಗುರುತಿಲ್ಲದ ಲೋಕಮ್ಮ ಮಾಡುವ ನಮಸ್ಕಾರಗಳು.

ನೀವು ಈಗ ಇರುವ ಮನೆಯಲ್ಲಿ ಮೊನ್ನೆಯವರೆಗೆ ನಾವಿದ್ದೆವು. ಇದನ್ನು ನಿಮಗೆ ಓದಿ ಹೇಳುತ್ತಿರುವವನು ನನ್ನ ಅಣ್ಣ ಯಲ್ಲಪ್ಪ. ಮಾತು ಒರಟು, ಮನುಷ್ಯ ಒಳ್ಳೆಯವನು. ಅಂಚೆಗೆ ಹಾಕದೆ ಅವನ ಕೈಯಲ್ಲೇ ಕಳಿಸಿದ್ದೇನೆ.

ಸುಣ್ಣ ನೋಡಿ ಮೋಸ ಹೋಗಬೇಡಿ. ನಡುಕೋಣೆಯಲ್ಲಿ ಗಿರಣಿ ಕಡೆಯ ಗೋಡೆಗೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ ಅಂಗೈ ಇಟ್ಟು ನೋಡಿ. ಬೆಚ್ಚಗೆ ಹಸಿಯಾಗಿರುತ್ತದೆ. ಅದು ಮಳೆಯ ನೀರಲ್ಲ. ಆಚೆ ಒಡೆದ ತೊಟ್ಟಿ ಇದೆ, ಬೇಸಿಗೆಗೂ ಒಣಗುವುದಿಲ್ಲ. ಒಂದು ತಿಂಗಳೊಳಗೆ ಸುಣ್ಣ ಉಬ್ಬಿ, ಕರಿ ಚುಕ್ಕೆ ಮೇಲೆ ಬರುತ್ತದೆ. ಆಮೇಲೆ ನಿಮಗೆ ಕೆಮ್ಮು ಬರುತ್ತದೆ. ಡಾಕ್ಟರು ದೊಡ್ಡ ಹೆಸರಿನ ರೋಗ ಹೇಳುತ್ತಾರೆ. ಕೂಸನ್ನು ನಿಮ್ಮಿಂದ ದೂರ ಮಾಡಿ ಅದೇ ಗೋಡೆಯ ಪಕ್ಕ ಮಲಗಿಸುತ್ತಾರೆ. ನನಗೆ ಹಾಗೆ ಆಯಿತು. ನನ್ನ ಮಗಳು ಹೋದಾಗ ಅವಳಿಗೆ ಮೂರೂವರೆ ವರ್ಷ.

ನಿಮ್ಮ ಯಜಮಾನರು ನಂಬದೆ ಇರಬಹುದು. ಮಾಲೀಕರು ಬಹಳ ನಯವಾಗಿ ಮಾತಾಡುತ್ತಾರೆ. ಯಾರ ಜೊತೆಗೂ ವಾದ ಮಾಡುತ್ತ ಕೂರಬೇಡಿ. ಗೋಡೆ ಮುಟ್ಟಿ ನೋಡಿ, ಸಾಕು.

ಅಣ್ಣ ಗಾಡಿ ಕಟ್ಟಿಸಿಕೊಂಡು ಬಂದಿದ್ದಾನೆ. ನಿಮ್ಮ ತವರು ಯಾವ ಊರಾದರೂ ಸರಿ, ಅಲ್ಲಿಗೆ ಬಿಟ್ಟು ಬರುತ್ತಾನೆ. ತವರಿಗೆ ಹೋಗಲಾಗದಿದ್ದರೆ ಶಿಕಾರಿಪುರಕ್ಕೆ ಬನ್ನಿ, ನಮ್ಮ ಜಗುಲಿಯಲ್ಲಿ ಜಾಗವಿದೆ. ಪಾತ್ರೆ, ಹಾಸಿಗೆ ಆಮೇಲೆ ಬರಲಿ.

ನಾನು ಅಪ್ಪಣೆ ಕೇಳಿ ಕಾಗದ ಬರೆಯುತ್ತ ಕೂತೆ. ನೀವು ಕೂಸನ್ನು ಎತ್ತಿಕೊಂಡು ಗಾಡಿ ಹತ್ತಿ.

ಲೋಕಮ್ಮ